ಉಲ್ಕಾಶಿಲೆಗಳ ವರ್ಗೀಕರಣ ಮತ್ತು ಭೂಪಟ

ಉಲ್ಕಾಶಿಲೆ: ಬಾಹ್ಯಾಕಾಶದಿಂದ ಬಂದು, ವಾಯುಮಂಡಲದಲ್ಲಿ ಪೂರ್ತಿ ಉರಿದುಹೋಗದೆ ನೆಲ ಮುಟ್ಟಿದ ಕಲ್ಲು ಅಥವಾ ಲೋಹದ ತುಂಡು. ಬೀಳುವುದನ್ನು ಜನ ಕಣ್ಣಾರೆ ಕಂಡು ಹೆಕ್ಕಿದ್ದಕ್ಕೆ ಒಂದು ಲೆಕ್ಕ, ಎಂದೋ ಬಿದ್ದು ಆಮೇಲೆ ಸಿಕ್ಕಿದ್ದಕ್ಕೆ ಇನ್ನೊಂದು ಲೆಕ್ಕ. ಇಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ 70,000ಕ್ಕೂ ಹೆಚ್ಚು ಉಲ್ಕಾಶಿಲೆಗಳ ಹೆಸರುಗಳಿವೆ. ಬೀಳುವಾಗ ಕಂಡವು ಅವುಗಳಲ್ಲಿ ಸಾವಿರ ಚಿಲ್ಲರೆ ಅಷ್ಟೆ. ಉಲ್ಕೆಗಳು ಭೂಮಿಯ ಮೇಲೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಬೀಳುತ್ತವೆ. ಆದರೆ ಭೂಪಟದಲ್ಲಿ ಚುಕ್ಕೆಗಳು ಗುಂಪುಗಟ್ಟಿರುವುದು ಜನವಸತಿ ದಟ್ಟವಾದ ಬಯಲುಗಳಲ್ಲಿ, ಉತ್ತ ಹೊಲಗಳಲ್ಲಿ, ಮರುಭೂಮಿಗಳಲ್ಲಿ, ಅಂಟಾರ್ಕ್ಟಿಕದ ಹಿಮದ ಮೇಲೆ. ಅಂದರೆ ಕಲ್ಲು ಯಾರದಾದರೂ ಕಣ್ಣಿಗೆ ಬೀಳುವ ಕಡೆ. ವರ್ಗೀಕರಣದ ಚರಿತ್ರೆಯೂ ಈ ಭೂಪಟದ ಬೆನ್ನು ಹಿಡಿದೇ ಸಾಗಿದೆ. ಹೊಸ ಪ್ರದೇಶವೊಂದು ಕಲ್ಲು ಕೊಡತೊಡಗಿದಾಗಲೆಲ್ಲ ಹಳೆಯ ವರ್ಗಗಳು ಸಾಲದೇ ಹೋಗಿವೆ.

ಆಕಾಶದಿಂದ ಕಲ್ಲು ಬೀಳುತ್ತದೆಂಬುದು ಜನಸಾಮಾನ್ಯರಿಗೆ ಹೊಸದಾಗಿರಲಿಲ್ಲ. ಜಪಾನಿನ ನೋಗಾಟಾದಲ್ಲಿ 861ರಲ್ಲಿ ಬಿದ್ದದ್ದೆನ್ನುವ ಕಲ್ಲನ್ನು ಅಲ್ಲಿನ ದೇವಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. 1492ರ ನವೆಂಬರ್ 7ರಂದು ಆಲ್ಸೇಸ್ ಪ್ರಾಂತದ ಎನ್ಸಿಸ್‌ಹೈಮ್‌ನಲ್ಲಿ ಬಿದ್ದ ಸುಮಾರು 127 ಕಿಲೋ ತೂಕದ ಕಲ್ಲನ್ನು ಊರಿನವರು ಚರ್ಚಿನಲ್ಲಿ ಸರಪಳಿ ಹಾಕಿ ಇಟ್ಟರು. ನಂಬದಿದ್ದವರು ಪಂಡಿತರು. 1768ರಲ್ಲಿ ಫ್ರಾನ್ಸಿನ ಲೂಸೆಯಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದ ತಂಡದಲ್ಲಿ ಲವಾಸಿಯೇ ಇದ್ದ. ಇದು ನೆಲದ ಕಲ್ಲೇ, ಸಿಡಿಲು ಬಡಿದು ಹೀಗಾಗಿದೆ ಎಂಬ ತೀರ್ಮಾನ ಹೊರಬಿತ್ತು. ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಎನಿಸಿಕೊಂಡವನೇ ಹೀಗೆಂದ ಮೇಲೆ ರೈತರ ಮಾತನ್ನು ಕೇಳುವವರಾರು?

1794ರಲ್ಲಿ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಕ್ಲಾಡ್ನಿ ಪುಟ್ಟ ಪುಸ್ತಕವೊಂದನ್ನು ಹೊರತಂದ. ಸೈಬೀರಿಯಾದಲ್ಲಿ ಸಿಕ್ಕಿ, ಪೀಟರ್ ಪಲ್ಲಾಸ್ ಎಂಬ ಪ್ರವಾಸಿ ವಿಜ್ಞಾನಿಯ ಮೂಲಕ ಯುರೋಪಿಗೆ ಪರಿಚಯವಾಗಿದ್ದ ಭಾರಿ ಕಬ್ಬಿಣದ ಗಟ್ಟಿ ಬಾಹ್ಯಾಕಾಶದ್ದು ಎಂಬುದು ಅವನ ವಾದ. ಕ್ಲಾಡ್ನಿಯ ಹೆಸರು ಕೇಳಿಬರುತ್ತಿದ್ದುದು ಧ್ವನಿಶಾಸ್ತ್ರದಲ್ಲಿ, ಹಲವರು ನಕ್ಕರು. ಅವನ ಅದೃಷ್ಟಕ್ಕೆ ಆಕಾಶವೇ ಸಾಕ್ಷಿ ನುಡಿಯಿತು. ಅದೇ ವರ್ಷ ಜೂನ್‌ನಲ್ಲಿ ಇಟಲಿಯ ಸಿಯೆನಾದಲ್ಲಿ, 1795ರಲ್ಲಿ ಇಂಗ್ಲೆಂಡಿನ ವೋಲ್ಡ್ ಕಾಟೇಜ್‌ನಲ್ಲಿ, 1798ರ ಡಿಸೆಂಬರ್‌ನಲ್ಲಿ ಕಾಶಿಯ ಬಳಿ ಕಲ್ಲುಗಳು ಬಿದ್ದವು. ಇಂಗ್ಲೆಂಡಿನ ರಸಾಯನವಿಜ್ಞಾನಿ ಎಡ್ವರ್ಡ್ ಹೊವಾರ್ಡ್ ಈ ಮೂರನ್ನೂ ಇತರ ಕೆಲವನ್ನೂ ತರಿಸಿಕೊಂಡ. ಅವನ ಜೊತೆಗಿದ್ದ ಫ್ರೆಂಚ್ ಖನಿಜತಜ್ಞ ಬೂರ್ನೋ ಕಲ್ಲುಗಳನ್ನು ಒಡೆದು, ಒಳಗಿನ ದುಂಡನೆಯ ಕಣ, ಗಂಧಕದ ಖನಿಜ, ಲೋಹ ಮತ್ತು ಇವನ್ನೆಲ್ಲ ಹಿಡಿದಿಟ್ಟಿರುವ ಪುಡಿ ಎಂದು ನಾಲ್ಕು ಪಾಲು ಮಾಡಿದ. ಲೋಹದಲ್ಲಿ ನಿಕಲ್ ಇರುವುದನ್ನು ಹೊವಾರ್ಡ್ 1802ರಲ್ಲಿ ಪ್ರಕಟಿಸಿದ. ಎಲ್ಲೆಲ್ಲೋ ಬಿದ್ದ ಕಲ್ಲುಗಳು ಒಂದನ್ನೊಂದು ಹೋಲುತ್ತವೆ, ಬಿದ್ದ ಜಾಗದ ಕಲ್ಲನ್ನು ಮಾತ್ರ ಹೋಲುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ವರ್ಗೀಕರಣಕ್ಕೆ ಅಡಿಪಾಯ ಬಿದ್ದದ್ದು ಇಲ್ಲಿ; ಅದರಲ್ಲಿ ಕಾಶಿಯ ಕಲ್ಲಿನದೂ ಒಂದು ಪಾಲು.

ಭೂಪಟ ಬಂದದ್ದು ಮರುವರ್ಷ. 1803ರ ಏಪ್ರಿಲ್ 26ರಂದು ನಾರ್ಮಂಡಿಯ ಲೆಗ್ಲ್ ಊರಿನ ಸುತ್ತ ಸುಮಾರು ಮೂರು ಸಾವಿರ ಕಲ್ಲುಗಳು ಸುರಿದವು. ಸರ್ಕಾರ ಕಳಿಸಿದ ಯುವ ವಿಜ್ಞಾನಿ ಜಾನ್ ಬಾಪ್ಟೀಸ್ಟ್ ಬಿಯೋ ಹಳ್ಳಿಯಿಂದ ಹಳ್ಳಿಗೆ ಅಲೆದು, ಪಾದ್ರಿಗಳನ್ನೂ ಕೂಲಿಗಳನ್ನೂ ವಿಚಾರಿಸಿ, ಕಲ್ಲು ಸಿಕ್ಕ ಜಾಗಗಳನ್ನು ಗುರುತು ಮಾಡಿದ. ಸುಮಾರು ಹತ್ತು ಕಿಲೋಮೀಟರ್ ಉದ್ದ, ನಾಲ್ಕು ಕಿಲೋಮೀಟರ್ ಅಗಲದ ಅಂಡಾಕಾರ ಮೂಡಿತು. ಒಂದು ತುದಿಯಲ್ಲಿ ದೊಡ್ಡ ಕಲ್ಲುಗಳು, ಇನ್ನೊಂದು ತುದಿಯಲ್ಲಿ ಸಣ್ಣವು. ಗಾಳಿಯಲ್ಲಿ ಒಡೆದ ಉಲ್ಕೆಯ ಭಾರವಾದ ಚೂರುಗಳು ವೇಗ ಉಳಿಸಿಕೊಂಡು ಮುಂದೆ ಸಾಗುತ್ತವೆ, ಹಗುರವಾದವು ಹಿಂದೆಯೇ ಉದುರುತ್ತವೆ. ಇಂದಿಗೂ ಉಲ್ಕೆ ಬಿದ್ದ ಸುದ್ದಿ ಬಂದೊಡನೆ ಹುಡುಕುವವರು ಮೊದಲು ಎಳೆಯುವುದು ಬಿಯೋ ಎಳೆದಂಥ ಅಂಡಾಕಾರವನ್ನೇ.

ಹತ್ತೊಂಬತ್ತನೆಯ ಶತಮಾನ ವಸ್ತುಸಂಗ್ರಹಾಲಯಗಳ ಕಾಲ. 1808ರಲ್ಲಿ ವಿಯೆನ್ನಾದ ವಿಡ್ಮನ್‌ಸ್ಟೆಟೆನ್ ಕಬ್ಬಿಣದ ಉಲ್ಕೆಯ ನುಣುಪು ಹಲ್ಲೆಯಲ್ಲಿ ಅಡ್ಡತಿಡ್ಡ ಪಟ್ಟಿಗಳ ಜಾಲ ಕಂಡ. ಆಮ್ಲ ಸವರಿದರೆ ಅದು ಎದ್ದು ಕಾಣುತ್ತದೆ. ಅತಿ ನಿಧಾನವಾಗಿ ತಣಿದ ಲೋಹದಲ್ಲಿ ಮಾತ್ರ ಇಂಥ ಜಾಲ ಕಟ್ಟುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ನೆವಿಲ್ ಮಾಸ್ಕೆಲಿನ್ ಉಲ್ಕಾಶಿಲೆಗಳನ್ನು ಕಲ್ಲು, ಕಬ್ಬಿಣ, ಕಲ್ಲು–ಕಬ್ಬಿಣ ಎಂದು ಮೂರಾಗಿ ವಿಂಗಡಿಸಿದ. ಬರ್ಲಿನ್ನಿನ ಗುಸ್ತಾವ್ ರೋಸ್ 1863ರ ಹೊತ್ತಿಗೆ ಇನ್ನೂ ಸೂಕ್ಷ್ಮವಾಗಿ ಬೇರ್ಪಡಿಸಿ, ದುಂಡು ಕಣಗಳುಳ್ಳ ಕಲ್ಲುಗಳಿಗೆ ಕಾಂಡ್ರೈಟ್ ಎಂದೂ ಪಲ್ಲಾಸನ ಕಬ್ಬಿಣದಂಥವಕ್ಕೆ ಪಲ್ಲಸೈಟ್ ಎಂದೂ ಹೆಸರಿಟ್ಟ. ವಿಯೆನ್ನಾದ ಚೆರ್ಮಾಕ್ ಮತ್ತು ಬ್ರೆಜಿನಾ ಇದನ್ನು ಬೆಳೆಸಿದರು. ಬೆಳೆಸುತ್ತ ಹೋಗಿ, ಹೊಸ ಕಲ್ಲು ಬಂದರೆ ಹೊಸ ವರ್ಗ ಎಂಬಷ್ಟು ಸೀಳಿಬಿಟ್ಟರು.

ಈ ಸಂಗ್ರಹಗಳಲ್ಲಿ ಭಾರತದ ಕಲ್ಲುಗಳು ಎದ್ದು ಕಾಣುತ್ತವೆ. ಜನ ಕಿಕ್ಕಿರಿದ ದೇಶದಲ್ಲಿ ಬಿದ್ದದ್ದು ಕಾಣದೇ ಹೋಗುವುದು ಕಷ್ಟ. ಜೊತೆಗೆ ಸುದ್ದಿಯನ್ನು ಕಲ್ಕತ್ತೆಗೆ ಮುಟ್ಟಿಸಲು ಕಂಪನಿ ಕಾಲದಿಂದಲೂ ಜಿಲ್ಲಾಧಿಕಾರಿಗಳಿದ್ದರು. 1865ರ ಆಗಸ್ಟ್ 25ರಂದು ಬಿಹಾರದ ಗಯಾ ಸಮೀಪದ ಶೇರ್ಘಾಟಿಯಲ್ಲಿ ಒಂದು ಬಿತ್ತು. ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯ ಮದ್ದೂರಿನಲ್ಲಿ ಇನ್ನೊಂದು; ಮರುವರ್ಷ ಉಡುಪಿಯಲ್ಲಿ ಮತ್ತೊಂದು. ಮದ್ದೂರು, ಉಡುಪಿಯ ಕಲ್ಲುಗಳು ಸಾಮಾನ್ಯ ಕಾಂಡ್ರೈಟ್‌ಗಳು. ಸಿಕ್ಕ ಜಾಗದ ಹೆಸರನ್ನೇ ಕಲ್ಲಿಗೆ ಇಡುವುದು ನಿಯಮವಾದ್ದರಿಂದ ಎರಡೂ ಊರುಗಳು ಜಗತ್ತಿನ ಪಟ್ಟಿಯಲ್ಲಿವೆ, ಆದರೆ ಬ್ರಿಟಿಷರ ಬಾಯಲ್ಲಿ ಮುದ್ದೂರ್, ಉಡಿಪಿ ಎಂದಾದ ರೂಪದಲ್ಲಿ. ಪಟ್ಟಿಗೆ ಒಮ್ಮೆ ಏರಿದ ಕಾಗುಣಿತವನ್ನು ಇಳಿಸುವುದು ಸುಲಭವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಉಲ್ಕಾಸಂಗ್ರಹ ಈಗಲೂ ಕೋಲ್ಕತ್ತದಲ್ಲಿದೆ.

ಶೇರ್ಘಾಟಿಯದು ಮಾತ್ರ ಬೇರೆ ಜಾತಿ. ಅದರಲ್ಲಿ ದುಂಡು ಕಣಗಳಿರಲಿಲ್ಲ, ಜ್ವಾಲಾಮುಖಿಯ ಕಲ್ಲಿನಂತಿತ್ತು. 1872ರಲ್ಲಿ ಚೆರ್ಮಾಕ್ ಅದರೊಳಗೆ ಗಾಜಿನಂಥ ವಸ್ತುವೊಂದನ್ನು ಕಂಡು, ಮಾಸ್ಕೆಲಿನ್ ಗೌರವಾರ್ಥ ಮಾಸ್ಕೆಲಿನೈಟ್ ಎಂದು ಕರೆದ. ಭಾರಿ ಅಪ್ಪಳಿಕೆಗೆ ಸಿಕ್ಕಿದ ಫೆಲ್ಡ್‌ಸ್ಪಾರ್ ಖನಿಜ ಹಾಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಫ್ರಾನ್ಸಿನ ಶಾಸಿನಿ (1815), ಈಜಿಪ್ಟಿನ ನಖ್ಲಾ (1911) ಕಲ್ಲುಗಳೂ ಇದರ ಬಳಗವೇ. ಯಾವ ತಾಯಿಯ ಮಕ್ಕಳು ಇವು ಎಂಬುದು ನೂರು ವರ್ಷ ಯಾರಿಗೂ ಹೊಳೆಯಲಿಲ್ಲ.

ಇಪ್ಪತ್ತನೆಯ ಶತಮಾನ ವರ್ಗಗಳ ಕಾಡನ್ನು ಕಡಿಯಿತು. ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಪ್ರಾಯರ್ ಬಣ್ಣ–ರಚನೆಗಳನ್ನು ಬದಿಗಿಟ್ಟು ಕಬ್ಬಿಣ, ನಿಕಲ್‌ಗಳ ಲೆಕ್ಕ ಹಿಡಿದ. 1923ರಲ್ಲಿ ಜಗತ್ತಿನ ಉಲ್ಕಾಶಿಲೆಗಳ ಕ್ಯಾಟಲಾಗನ್ನೂ ಹೊರತಂದ. 1953ರಲ್ಲಿ ಯೂರಿ ಮತ್ತು ಕ್ರೇಗ್ ಕಾಂಡ್ರೈಟ್‌ಗಳಲ್ಲಿ ಕಬ್ಬಿಣ ಹೆಚ್ಚಿರುವ ಎಚ್, ಕಡಿಮೆ ಇರುವ ಎಲ್ ಎಂಬ ಎರಡು ಗುಂಪುಗಳಿರುವುದನ್ನು ತೋರಿಸಿದರು. 1967ರಲ್ಲಿ ವಾನ್ ಷ್ಮುಸ್ ಮತ್ತು ವುಡ್ ಇದಕ್ಕೆ 1ರಿಂದ 6ರವರೆಗಿನ ಅಂಕಿ ಸೇರಿಸಿದರು: ಹೆಚ್ಚು ಬದಲಾಗದೆ ಉಳಿದದ್ದು 3, ಅಲ್ಲಿಂದ ಕೆಳಕ್ಕೆ ನೀರಿನಿಂದ ಮಾರ್ಪಟ್ಟದ್ದು, ಮೇಲಕ್ಕೆ ಕಾವಿನಿಂದ ಮಾರ್ಪಟ್ಟದ್ದು. ಈ ಪದ್ಧತಿಯಲ್ಲಿ ಉಡುಪಿಯದು ಎಚ್5, ಮದ್ದೂರಿನದು ಎಲ್5.

ಈ ಅಂಕಿ ಕೊಡುವ ಕೆಲಸ ಹೀಗೆ ನಡೆಯುತ್ತದೆ: ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವವರೆಗೆ, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗುವವರೆಗೆ ಉಜ್ಜುತ್ತಾರೆ. ಸೂಕ್ಷ್ಮದರ್ಶಕದಲ್ಲಿ ದುಂಡು ಕಣಗಳ ಅಂಚು ಚೊಕ್ಕವಾಗಿ ಕಂಡರೆ ಅಂಕಿ ಮೂರರ ಆಸುಪಾಸು. ಅಂಚು ಕರಗಿ ಸುತ್ತಲಿನ ಪುಡಿಯೊಳಗೆ ಬೆರೆತಿದ್ದರೆ ಐದೋ ಆರೋ. ಆಮೇಲೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಆಲಿವೀನ್ ಹರಳಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆದರೆ ಅಕ್ಷರ ಸಿಗುತ್ತದೆ.

ಭೂಪಟ ತಲೆಕೆಳಗಾದದ್ದು 1969ರಲ್ಲಿ. ಅದುವರೆಗೆ ಅಂಟಾರ್ಕ್ಟಿಕದಲ್ಲಿ ಬೆರಳೆಣಿಕೆಯ ಉಲ್ಕಾಶಿಲೆಗಳಷ್ಟೇ ಸಿಕ್ಕಿದ್ದವು. ಆ ವರ್ಷ ಯಾಮಾಟೊ ಪರ್ವತಗಳ ಬಳಿ ಹಿಮದ ಚಲನೆ ಅಳೆಯುತ್ತಿದ್ದ ಜಪಾನಿ ತಂಡಕ್ಕೆ ಒಂದೇ ಕಡೆ ಒಂಬತ್ತು ಕಲ್ಲುಗಳು ಸಿಕ್ಕವು. ಪರೀಕ್ಷಿಸಿದರೆ ಬೇರೆ ಬೇರೆ ವರ್ಗದವು, ಒಂದೇ ಉಲ್ಕೆಯ ಚೂರುಗಳಲ್ಲ! ಖಂಡದಗಲ ಬಿದ್ದ ಕಲ್ಲುಗಳನ್ನು ಹಿಮ ಹೊತ್ತು ಸಾಗುತ್ತದೆ; ಪರ್ವತ ಅಡ್ಡ ಬಂದಲ್ಲಿ ನಿಲ್ಲುತ್ತದೆ; ಗಾಳಿ ಹಿಮವನ್ನು ಸವೆಸುತ್ತ ಹೋದಂತೆ ಕಲ್ಲುಗಳು ಮೇಲೆ ಉಳಿಯುತ್ತವೆ. ಅಮೆರಿಕದ ವಿಲಿಯಂ ಕ್ಯಾಸಿಡಿ 1976ರಲ್ಲಿ ಹುಡುಕಾಟ ಶುರುಮಾಡಿದ. ಆ ಯೋಜನೆಯೊಂದೇ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾದರಿ ತಂದಿದೆ. ಇಂದಿನ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅಂಟಾರ್ಕ್ಟಿಕದ್ದೇ. ಇಲ್ಲಿ ಸಿಕ್ಕ ಒಂದು ಕಲ್ಲು ಚಂದ್ರನದೆಂದು ಗೊತ್ತಾಯಿತು. 1983ರಲ್ಲಿ ಬೊಗಾರ್ಡ್ ಮತ್ತು ಜಾನ್ಸನ್ ಶೇರ್ಘಾಟಿಯ ಬಳಗಕ್ಕೆ ಸೇರಿದ ಇನ್ನೊಂದು ಕಲ್ಲಿನ ಗಾಜಿನಲ್ಲಿ ಸಿಕ್ಕಿಕೊಂಡಿದ್ದ ಅನಿಲವನ್ನು, ವೈಕಿಂಗ್ ನೌಕೆಗಳು ಮಂಗಳದಲ್ಲಿ ಅಳೆದ ಗಾಳಿಯೊಂದಿಗೆ ಹೋಲಿಸಿದರು. ತಾಳೆಯಾಯಿತು. ಬಿಹಾರದ ಕಲ್ಲಿನ ತವರು ಪತ್ತೆಯಾಗಲು ಅಂಟಾರ್ಕ್ಟಿಕದ ಕಲ್ಲು ಬೇಕಾಯಿತು.

ವರ್ಗಗಳ ಗೆರೆ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು 2008ರ ಅಕ್ಟೋಬರ್ 7 ಎತ್ತಿತು. ಹಿಂದಿನ ದಿನವಷ್ಟೇ ದೂರದರ್ಶಕದಲ್ಲಿ ಕಂಡಿದ್ದ ಪುಟ್ಟ ಕ್ಷುದ್ರಗ್ರಹವೊಂದು ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾಲುಗಟ್ಟಿ ನಡೆದು ನೂರಾರು ಚೂರು ಹೆಕ್ಕಿದರು. ಹೆಚ್ಚಿನವು ಯೂರಿಲೈಟ್ ಎಂಬ ಅಪರೂಪದ ವರ್ಗದವು, ಉಳಿದವು ಬಗೆಬಗೆಯ ಕಾಂಡ್ರೈಟ್‌ಗಳು. ಬೇರೆ ಬೇರೆಯಾಗಿ ಸಿಕ್ಕಿದ್ದರೆ ಇವಕ್ಕೆ ಬೇರೆ ಬೇರೆ ತಾಯಿಗಳನ್ನು ಹೇಳುತ್ತಿದ್ದರು.

ಸಹಾರಾದ ತೊಡಕು ಇನ್ನೊಂದು ಬಗೆಯದು. 1990ರ ದಶಕದ ಕೊನೆಯಿಂದ ಅಲ್ಲಿನ ಅಲೆಮಾರಿಗಳು ಹೆಕ್ಕಿದ ಕಲ್ಲುಗಳು ಮೊರಾಕೊದ ಸಂತೆಗಳ ಮೂಲಕ ಹೊರಜಗತ್ತಿಗೆ ಬರುತ್ತಿವೆ. ನಿಖರವಾದ ಜಾಗ ಗೊತ್ತಿಲ್ಲದವಕ್ಕೆ ‘ವಾಯವ್ಯ ಆಫ್ರಿಕಾ’ ಎಂಬ ಹೆಸರಿನಡಿ ಕ್ರಮಸಂಖ್ಯೆ ಕೊಡುತ್ತಾರೆ. ಸಂಖ್ಯೆ ಹತ್ತು ಸಾವಿರವನ್ನು ಎಂದೋ ದಾಟಿದೆ. ವರ್ಗ ನಿಖರ, ಭೂಪಟದಲ್ಲಿ ಚುಕ್ಕೆಯಿಲ್ಲ. ಒಮಾನ್, ಆಸ್ಟ್ರೇಲಿಯಾ, ಅರ್ಜೆಂಟೀನಾಗಳು ಉಲ್ಕಾಶಿಲೆಗಳ ಸಾಗಣೆಯನ್ನು ಕಾನೂನಿನಿಂದ ಕಟ್ಟಿಹಾಕಿವೆ. ನೈಜರ್ ದೇಶದ ಅಗಾಡೆಜ್ ಪ್ರದೇಶದಲ್ಲಿ ಸಿಕ್ಕ, 24 ಕಿಲೋ ಮೀರಿದ ಮಂಗಳದ ಕಲ್ಲು 2025ರ ಜುಲೈನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 50 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅದು ದೇಶ ದಾಟಿದ್ದು ಹೇಗೆಂದು ನೈಜರ್ ಸರ್ಕಾರ ತನಿಖೆಗೆ ಆದೇಶಿಸಿತು.