ಉಂಡದ್ದು ಗಿಡ, ಉಳಿಸಿಕೊಂಡದ್ದು ಕೆಸರು

ವಿಜಯಪುರ ನಗರಕ್ಕೆ ಬೇಗಂ ತಲಾಬ್, ಭೂತನಾಳ ಕೆರೆಗಳಿವೆ. ಬಬಲೇಶ್ವರ ತಾಲ್ಲೂಕಿಗೆ ಮಮದಾಪುರದ ಕೆರೆಯಿದೆ. ಈ ಬರದ ಸೀಮೆಯಲ್ಲಿ ಕೆರೆಯ ಬಗ್ಗೆ ಮೊದಲು ಕೇಳುವುದು ನೀರು ಎಷ್ಟಿದೆ ಎಂದು. ಕೃಷ್ಣೆಯ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದು ಬರುತ್ತಿರುವಾಗ ಆ ನೀರಿನಲ್ಲಿ ಸಾರಜನಕ, ರಂಜಕ ಎಷ್ಟಿದೆ ಎಂದೂ ಕೇಳಬೇಕಾಗಿದೆ. ದಂಡೆಯಲ್ಲಿ ಜೇಕು ಉಳಿಯುವುದೋ ಜೊಂಡು ಆವರಿಸುವುದೋ ಎಂಬುದು ಬಹುಮಟ್ಟಿಗೆ ಇದರ ಮೇಲಿದೆ.

ಇಂಥ ಪೋಷಕಾಂಶಗಳ ಶಾಸ್ತ್ರದ ಮೊದಲ ಸೂತ್ರ ಸಿಕ್ಕಿದ್ದು ಹೊಲದಲ್ಲಿ. ಯಾವ ಪೋಷಕಾಂಶ ಅತಿ ಕೊರತೆಯಲ್ಲಿದೆಯೋ ಅದೇ ಬೆಳೆಗೆ ಮಿತಿ ಹಾಕುತ್ತದೆ ಎಂದು ಜರ್ಮನಿಯ ಸ್ಪ್ರೆಂಗೆಲ್ 1828ರಲ್ಲಿ ಹೇಳಿದ. ರಸಾಯನಶಾಸ್ತ್ರಜ್ಞ ಲೀಬಿಗ್ ಅದನ್ನು ಪ್ರಸಿದ್ಧಗೊಳಿಸಿದ. 1919ರಲ್ಲಿ ಸ್ವೀಡನ್ನಿನ ನೌಮನ್ ಪೋಷಕಾಂಶದ ಆಧಾರದ ಮೇಲೆಯೇ ಸರೋವರಗಳನ್ನು ವಿಂಗಡಿಸಿದ. 1941–42ರಲ್ಲಿ ಇಂಗ್ಲೆಂಡಿನ ಮಾರ್ಟಿಮರ್ ಕೆಸರಿನತ್ತ ಗಮನ ಸೆಳೆದ: ತಳದಲ್ಲಿ ಆಮ್ಲಜನಕ ಮುಗಿದರೆ ಕಬ್ಬಿಣಕ್ಕೆ ಅಂಟಿಕೊಂಡಿದ್ದ ರಂಜಕ ಬಿಡುಗಡೆಯಾಗಿ ನೀರಿಗೆ ಸೇರುತ್ತದೆ.

1973ರಲ್ಲಿ ಕೆನಡಾದ ಶಿಂಡ್ಲರ್ ತಂಡ 226ನೇ ಸಂಖ್ಯೆಯ ಸರೋವರವನ್ನು ಪರದೆ ಕಟ್ಟಿ ಎರಡು ಪಾಲು ಮಾಡಿತು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕ ಸೇರಿಸಿತು. ಪಾಚಿಯಿಂದ ಹಸಿರಾದದ್ದು ರಂಜಕ ಬಿದ್ದ ಪಾಲು.

ಆದರೆ ಪಾಚಿಯ ಲೆಕ್ಕ ಬೇರೂರಿದ ಗಿಡಕ್ಕೆ ಹಾಗೇ ಒಪ್ಪುವುದಿಲ್ಲ. ಅಂಥ ಗಿಡ ಹೆಚ್ಚಾಗಿ ಉಣ್ಣುವುದು ಕೆಸರಿನಿಂದ. 1996ರಲ್ಲಿ ಸಂಶೋಧಕರಾದ ಕೂರ್ಸೆಲ್‌ಮನ್ ಮತ್ತು ಮ್ಯೂಲೆಮನ್ ಗಿಡದ ಅಂಗಾಂಶವನ್ನೇ ಅಳತೆಗೋಲಾಗಿಸಿದರು. ಸಾರಜನಕ–ರಂಜಕದ ತೂಕದ ಅನುಪಾತ 14ಕ್ಕಿಂತ ಕಡಿಮೆಯಿದ್ದರೆ ಸಾರಜನಕದ ಕೊರತೆ, 16 ಮೀರಿದರೆ ರಂಜಕದ ಕೊರತೆ. ಈ ಗಡಿಗಳು ಎಲ್ಲ ಪ್ರಭೇದಗಳಿಗೂ ಒಂದೇ ಅಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿದವು.

ಕೊರತೆ ನೀಗಿದಾಗ ಗೆಲ್ಲುವವರು ಯಾರು? ಪಶ್ಚಿಮ ಘಟ್ಟ, ಕರಾವಳಿಯ ಜಂಬಿಟ್ಟಿಗೆ ಹಾಸುಗಳ ಪೋಷಕಾಂಶ ಕಡಿಮೆಯಿರುವ ಜವುಗಿನಲ್ಲಿ ಯುಟ್ರಿಕ್ಯುಲೇರಿಯಾ ಎಂಬ ಗಿಡ ಕಿರುಜೀವಿಗಳನ್ನು ಹಿಡಿದು ತಿಂದು ಬದುಕುತ್ತದೆ. ಅಲ್ಲಿಗೆ ಗೊಬ್ಬರ ಹರಿದರೆ ಎತ್ತರಕ್ಕೆ ಬೆಳೆಯುವ ಸಸ್ಯಗಳ ನೆರಳು ಇಂಥ ಗಿಡವನ್ನು ಮುಗಿಸಬಲ್ಲದು. ಅಮೆರಿಕದ ಎವರ್‌ಗ್ಲೇಡ್ಸ್‌ನಲ್ಲಿ ಹೊಲಗಳ ರಂಜಕ ಸೇರಿ, ಮೂಲ ಜೇಕುಜಾತಿಯ ಜಾಗವನ್ನು ಜೊಂಡು ಹಿಡಿಯಿತು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಚರಂಡಿ ನೀರು ಹರಿದು, ಜಲಕಳೆ ಹಬ್ಬಿತು, ನೊರೆ ಉಕ್ಕಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ.

1990ರ ದಶಕದಲ್ಲಿ ಡಚ್ ವಿಜ್ಞಾನಿ ಶೆಫರ್ ಮತ್ತು ಸಂಗಡಿಗರು ಇನ್ನೊಂದು ಎಚ್ಚರಿಕೆ ಕೊಟ್ಟರು: ಆಳವಿಲ್ಲದ ಕೆರೆ ಒಮ್ಮೆ ತಿಳಿನೀರಿನಿಂದ ರಾಡಿಗೆ ಹೊರಳಿದರೆ, ಪೋಷಕಾಂಶ ತುಸು ತಗ್ಗಿಸಿದ ಮಾತ್ರಕ್ಕೆ ಹಿಂದಿರುಗದು. ಕೆಸರೂ ಇದಕ್ಕೊಂದು ಕಾರಣ. ಸಾರಜನಕದ ಒಂದು ಪಾಲನ್ನು ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಅದು ಕೆಸರಿನಲ್ಲೇ ಕೂಡುತ್ತದೆ.

1950ರ ದಶಕದಲ್ಲಿ ಜರ್ಮನಿಯ ಕೇಟೆ ಸೈಡೆಲ್ ಜೊಂಡಿನಂಥ ಸಸ್ಯಗಳಿಂದ ಕೊಳೆನೀರು ಶುದ್ಧಗೊಳಿಸುವ ಪ್ರಯೋಗ ಆರಂಭಿಸಿದಳು. ಆದರೆ ಗಿಡ ಹೀರಿದ್ದನ್ನು ಕೊಯ್ದು ದಂಡೆಯಾಚೆ ಸಾಗಿಸದಿದ್ದರೆ ಬಹುಪಾಲು ಕೊಳೆತು ಮತ್ತೆ ಕೆರೆಗೇ ಸೇರುತ್ತದೆ. ಹಾಗಾಗಿ ಜೊಂಡು ಕಿತ್ತು ದಂಡೆಯಲ್ಲೇ ಬಿಡುವುದು ಕೆರೆಯ ಸ್ವಚ್ಛತೆಯಲ್ಲ. ಚರಂಡಿಯನ್ನು ಮೊದಲು ತಡೆಯಬೇಕು, ನೀರು ತುಂಬಿಸುವ ಮುನ್ನ ಕೆಸರನ್ನೂ ಪರೀಕ್ಷಿಸಬೇಕು.