ಉಳ್ಳಾಲದ ಮರಳು, ಕುವೈತಿನ ಧೂಳು

ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿಯ ಅಳಿವೆಯಾಚೆ ಇರುವ ಉಳ್ಳಾಲದ ಕಡಲತೀರದಲ್ಲಿ ಮೊನಜೈಟ್ ಎಂಬ ಭಾರವಾದ ಖನಿಜ ಬೆರೆತ ಮರಳಿನ ಪಟ್ಟಿಯೊಂದಿದ್ದು, ಥೋರಿಯಂ ಹೇರಳವಾಗಿಯೂ ಯುರೇನಿಯಂ ಅಲ್ಪವಾಗಿಯೂ ಇರುವ ಈ ಖನಿಜದ ಕಾರಣದಿಂದ ಅಲ್ಲಿನ ನೈಸರ್ಗಿಕ ವಿಕಿರಣ ನೆರೆಯ ತೀರಗಳಿಗಿಂತ ಹೆಚ್ಚಾಗಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ಕೆ. ಸಿದ್ದಪ್ಪ ಮತ್ತು ಅವರ ಸಂಗಡಿಗರು ಈ ಪಟ್ಟಿಯನ್ನು ಅಳೆದು, 1993ರಲ್ಲಿ ಅದರ ವಿವರವನ್ನು ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇದೇ ವಿಭಾಗ ಕೈಗಾದ ಸುತ್ತಲಿನ ಪರಿಸರದಲ್ಲಿ ಸಹಜವಾಗಿ ಎಷ್ಟು ವಿಕಿರಣವಿದೆ ಎಂಬುದನ್ನು, 2000ದಲ್ಲಿ ಅಲ್ಲಿನ ಅಣುಸ್ಥಾವರ ವಾಣಿಜ್ಯವಾಗಿ ವಿದ್ಯುತ್ ಪೂರೈಸತೊಡಗುವ ಮೊದಲೇ ಗುರುತಿಸಿಟ್ಟಿತು. ಮುಂದೆ ಏನಾದರೂ ಹೆಚ್ಚಿದರೆ ಹೋಲಿಸಿ ನೋಡಲು ಆಧಾರವಾಗುವ ಇಂಥ ಮೊದಲ ಅಳತೆಯ ಬೆಲೆ ಎಷ್ಟೆಂಬುದು ತಿಳಿಯುವುದು ಅದಿಲ್ಲದ ಕಡೆಗಳಲ್ಲಿ.

ಅಂಥ ಒಂದು ಕಡೆ ಕುವೈತ್. 1990ರ ಆಗಸ್ಟ್‌ನಲ್ಲಿ ಇರಾಕಿನ ಸೇನೆ ನುಗ್ಗಿದಾಗ ದುಡಿಮೆ, ಉಳಿತಾಯಗಳನ್ನು ಬಿಟ್ಟು ಅಮ್ಮಾನ್ ಮಾರ್ಗವಾಗಿ ಏರ್ ಇಂಡಿಯಾ ವಿಮಾನಗಳಲ್ಲಿ ತಾಯ್ನಾಡಿಗೆ ಬಂದ ಭಾರತೀಯರಲ್ಲಿ ಮಂಗಳೂರು ಸೀಮೆಯ ಕುಟುಂಬಗಳು ಬಹಳವಿದ್ದವು, ಮತ್ತು ಯುದ್ಧ ಮುಗಿದ ಮೇಲೆ ಅನೇಕರು ಅಲ್ಲಿಗೇ ಮರಳಿದರು. ಅವರು ಊರಿನಲ್ಲಿದ್ದ ಅವಧಿಯಲ್ಲೇ, 1991ರ ಆರಂಭದಲ್ಲಿ, ಡಿಪ್ಲೀಟೆಡ್ ಯುರೇನಿಯಂ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಯುದ್ಧಕ್ಕೆ ಬಳಕೆಯಾಗಿ, ಸುಮಾರು 300 ಟನ್‌ನಷ್ಟು ಆ ನೆಲದಲ್ಲೂ ಇರಾಕಿನಲ್ಲೂ ಸಿಡಿಯಿತು. ಅಣುಇಂಧನಕ್ಕೆ ಬೇಕಾದ ಯುರೇನಿಯಂ-235 ಎಂಬ ಅಂಶವನ್ನು ಹೆಚ್ಚುಪಾಲು ಬೇರ್ಪಡಿಸಿಕೊಂಡ ಬಳಿಕ ಉಳಿಯುವ ಲೋಹ ಇದು. ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರವಾದ್ದರಿಂದ ಅಮೆರಿಕದ ಅಬ್ರಾಮ್ಸ್ ಟ್ಯಾಂಕುಗಳ ಕವಚಕ್ಕೂ, ಎದುರಾಳಿಯ ಕವಚ ಸೀಳುವ ಮದ್ದುಗುಂಡುಗಳಿಗೂ ಅದನ್ನು ಬಳಸಿದರು.

ಉಳ್ಳಾಲದ ಮರಳಿಗೂ ಈ ಲೋಹಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮೊನಜೈಟ್‌ನಲ್ಲಿ ಥೋರಿಯಂ ತನ್ನ ಸಂತತಿಯ ವಿಕಿರಣ ಧಾತುಗಳೊಡನೆ ಕೂಡಿಕೊಂಡೇ ಇರುವುದರಿಂದ ದೇಹದ ಹೊರಗಿನಿಂದಲೇ ತಾಗುವ ಗಾಮಾ ಕಿರಣಗಳು ಹೊಮ್ಮುತ್ತವೆ. ಶುದ್ಧೀಕರಣದಲ್ಲಿ ರೇಡಿಯಂ ಮುಂತಾದ ಸಂತತಿಯಿಂದ ಬೇರ್ಪಟ್ಟ ಡಿಪ್ಲೀಟೆಡ್ ಯುರೇನಿಯಂ ಹೊರಗಿದ್ದಾಗ ಅಷ್ಟಾಗಿ ಅಪಾಯಕಾರಿಯಲ್ಲ, ಏಕೆಂದರೆ ಅದರ ಮುಖ್ಯ ವಿಕಿರಣವಾದ ಆಲ್ಫಾ ಕಣಗಳನ್ನು ಚರ್ಮವೇ ತಡೆಯುತ್ತದೆ. ಗುಂಡು ಕವಚಕ್ಕೆ ಬಡಿದಾಗ ಲೋಹ ಹೊತ್ತಿ ಉರಿದು ಆಕ್ಸೈಡಿನ ನವಿರಾದ ಧೂಳಾಗುತ್ತದೆ, ಆ ಧೂಳು ಉಸಿರಿನೊಡನೆ ಒಳಸೇರಿದರೆ ಕರಗದ ಕಣಗಳು ಶ್ವಾಸಕೋಶದಲ್ಲಿ ಬಹುಕಾಲ ತಂಗುತ್ತವೆ, ಕರಗಿದ ಭಾಗ ರಕ್ತದ ಮೂಲಕ ಮೂತ್ರಪಿಂಡ ತಲುಪಿ ಭಾರಲೋಹದ ವಿಷವಾಗಿ ಕೆಲಸ ಮಾಡುತ್ತದೆ. ವಿಕಿರಣವೆಂಬ ಹೆಸರಿಗಷ್ಟೇ ಬೆದರಿ ಈ ವಿಷದ ಅಪಾಯವನ್ನು ಮರೆಯುವುದು ಸರಿಯಲ್ಲ.

ಯುದ್ಧ ಮುಗಿದ ಮೇಲೂ, 1991ರ ಜುಲೈ 11ರಂದು, ಕುವೈತಿನ ದೋಹಾದಲ್ಲಿದ್ದ ಅಮೆರಿಕದ ಶಿಬಿರಕ್ಕೆ ಬೆಂಕಿ ಬಿದ್ದು ಟ್ಯಾಂಕುಗಳೊಂದಿಗೆ ಇಂಥ ನೂರಾರು ಮದ್ದುಗುಂಡುಗಳು ಸುಟ್ಟುಹೋದವು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಕುವೈತಿನ ಹಲವು ಸ್ಥಳಗಳನ್ನು ಪರಿಶೀಲಿಸಿ, ಅಲ್ಲಿ ಉಳಿದ ಲೋಹದಿಂದ ನಿವಾಸಿಗಳಿಗೆ ವಿಕಿರಣದ ಅಪಾಯವಿಲ್ಲವೆಂದು 2003ರ ವರದಿಯಲ್ಲಿ ಹೇಳಿತು. ಆ ಮಾತಿಗೆ ತೂಕವಿದೆ, ಆದರೆ ಅದು ಯುದ್ಧ ನಡೆದು ದಶಕ ಕಳೆದ ಮೇಲಿನ ನೆಲದ ಅಳತೆ. ಧೂಳು ಹೊಸದಾಗಿದ್ದ ಮೊದಲ ತಿಂಗಳುಗಳಲ್ಲಿ ಮರಳಿ ಹೋಗಿ ದುಡಿದವರ ದೇಹದ ಅಳತೆಯಲ್ಲ. ದೇಹವನ್ನು ಅಳೆದ ಕೆಲಸ ಅಮೆರಿಕದ ಬಾಲ್ಟಿಮೋರ್‌ನಲ್ಲಿ 1993ರಿಂದ ನಡೆದು, ಲೋಹದ ಚೂರುಗಳು ಮೈಯಲ್ಲೇ ಉಳಿದ ಯೋಧರ ಮೂತ್ರದಲ್ಲಿ ವರ್ಷಗಳ ಬಳಿಕವೂ ಯುರೇನಿಯಂ ಹೆಚ್ಚಾಗಿ ಕಂಡಿತು, ಮೂತ್ರಪಿಂಡಕ್ಕೆ ಎದ್ದು ಕಾಣುವ ಹಾನಿ ಮಾತ್ರ ಕಾಣಲಿಲ್ಲ. ಆ ಪರೀಕ್ಷೆಗೆ ಒಳಗಾದವರು ಅಮೆರಿಕದ ಯೋಧರು. ಅದೇ ನೆಲಕ್ಕೆ ದುಡಿಯಲು ಮರಳಿದ ಮಂಗಳೂರಿನ ಚಾಲಕರು, ಗುಮಾಸ್ತರು, ದಾದಿಯರು ಅದರ ಲೆಕ್ಕದಲ್ಲಿಲ್ಲ.