ಎಸ್ಟೋನಿಯಾ (ಹಡಗು)
ಎಸ್ಟೋನಿಯಾ ಬಾಲ್ಟಿಕ್ ಸಮುದ್ರದಲ್ಲಿ ಪ್ರಯಾಣಿಕರನ್ನೂ ಕಾರು, ಲಾರಿಗಳನ್ನೂ ಸಾಗಿಸುತ್ತಿದ್ದ ಬೃಹತ್ ಫೆರಿ ಹಡಗು. ಸುಮಾರು 155 ಮೀ. ಉದ್ದದ ಇದು 1980ರಲ್ಲಿ ಪಶ್ಚಿಮ ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ನಿರ್ಮಾಣವಾಯಿತು. ವೈಕಿಂಗ್ ಸ್ಯಾಲಿ ಎಂಬ ಮೊದಲ ಹೆಸರಿನಲ್ಲಿ ಫಿನ್ಲೆಂಡ್–ಸ್ವೀಡನ್ ನಡುವೆ ಓಡಾಡಿ, ಹೆಸರು, ಒಡೆತನ ಬದಲಾದ ಮೇಲೆ 1993ರಿಂದ ತಾಲಿನ್–ಸ್ಟಾಕ್‌ಹೋಮ್ ಮಾರ್ಗಕ್ಕೆ ಬಂದಿತು.

ವಾಹನಗಳು ಒಂದು ತುದಿಯಲ್ಲಿ ಏರಿ ಇನ್ನೊಂದರಲ್ಲಿ ಇಳಿಯಲೆಂದು ಅದರ ವಾಹನ ಅಂತಸ್ತಿನಲ್ಲಿ ಅಡ್ಡಗೋಡೆಗಳಿರಲಿಲ್ಲ. ಮೂತಿಯಲ್ಲಿ ಮೇಲಕ್ಕೆ ತೆರೆದುಕೊಳ್ಳುವ ಮುಚ್ಚಳ, ಅದರ ಹಿಂದೆ ಇಳಿಜಾರು ಹಲಗೆ ಇದ್ದವು. ಅನುಕೂಲಕ್ಕಾಗಿ ಮಾಡಿದ ಈ ವ್ಯವಸ್ಥೆಯೇ ಮಾರಕವಾಯಿತು. 1994ರ ಸೆಪ್ಟೆಂಬರ್ 28ರ ನಸುಕಿನಲ್ಲಿ, ಮೂರು ದೇಶಗಳ ಜಂಟಿ ಆಯೋಗದ 1997ರ ವರದಿಯಂತೆ, ಅಲೆಗಳ ಹೊಡೆತಕ್ಕೆ ಮುಚ್ಚಳದ ಕೊಂಡಿಗಳು ಮುರಿದು, ಅದು ಕಳಚುವಾಗ ಹಲಗೆಯನ್ನೂ ಎಳೆದು ತೆರೆಯಿತು. ಒಳನುಗ್ಗಿದ ನೀರು ಒಂದೇ ಬದಿಗೆ ಸರಿದು ಹಡಗು ವಾಲಿ ಮುಳುಗಿತು. ಹಡಗಿನಲ್ಲಿದ್ದ 989 ಜನರಲ್ಲಿ 852 ಮಂದಿ ಸತ್ತರು. ವಾಹನ ಅಂತಸ್ತಿಗೆ ನೀರು ನುಗ್ಗಿದರೂ ಸ್ಥಿರತೆ ಉಳಿಯಬೇಕೆಂಬ 1996ರ ಸ್ಟಾಕ್‌ಹೋಮ್ ಒಪ್ಪಂದ ಈ ದುರಂತದ ಫಲ.